ಇಬ್ರಾಯಿಚ್ಚ ಕುಟ್ಟಿದ ಅಂಚು

ಯಾರ ಹೆಸರನ್ನಾದರೂ ತಿರುಗಿಸಿ ಬರೆಯುವುದು ಇಬ್ರಾಯಿಚ್ಚನಿಗೆ ನೀರು ಕುಡಿದಷ್ಟು ಸುಲಭ. ಕುಂಬಳೆ ಬಸ್ ಸ್ಟ್ಯಾಂಡಿನ ಬಳಿಯ ಅವರ ರಬ್ಬರ್ ಸೀಲಿನ ಅಂಗಡಿಗೆ ಹೊಸಬರು ಬಂದರೆ, ಹೆಸರು ಕೇಳಿ, ಕನ್ನಡಿಯಲ್ಲಿ ಮಾತ್ರ ಸರಿಯಾಗಿ ಕಾಣುವಂತೆ ಚೀಟಿಯಲ್ಲಿ ಬರೆದು ಕೈಗಿಡುತ್ತಿದ್ದರು. ಗಿರಾಕಿ ಪೆಚ್ಚಾದರೆ ಅವರಿಗೆ ಖುಷಿ. ಬ್ಯಾರಿಗಳು ಅಣ್ಣನಿಗೆ ಹೇಳುವ ‘ಇಚ್ಚ’ ಅವರ ಹೆಸರಿಗೆ ಅಂಟಿಕೊಂಡು, ಕೊಂಕಣಿ ಮಾತಾಡುವ ನಮಗೂ ಅವರು ಇಬ್ರಾಯಿಚ್ಚನೇ.

ಶಾರ್ಜಾದಲ್ಲಿ ದುಡಿಯುತ್ತಿದ್ದಾಗ ಜೊತೆಗಿದ್ದ ಚೀನಾದವನೊಬ್ಬ ಅವರಿಗೆ ಕಲ್ಲಿನಲ್ಲಿ ಹೆಸರಿನ ಮುದ್ರೆ ಕೆತ್ತಲು ಕಲಿಸಿದ್ದನಂತೆ. ರಬ್ಬರ್ ಸೀಲು ಹೊಟ್ಟೆಪಾಡಾದರೆ ಕಲ್ಲು ಅವರ ಹುಚ್ಚು. ಕಲ್ಲಿನ ಮುದ್ರೆ ಕೇಳಿದವರಿಗೆ ಮೊದಲ ಪ್ರಶ್ನೆ: “ಕೆಂಪು ಅಕ್ಷರವಾ, ಬಿಳಿಯಾ?” ಅಕ್ಷರವನ್ನೇ ತೋಡಿದರೆ ಕೆಂಪು ಶಾಯಿಯ ನಡುವೆ ಹೆಸರು ಬಿಳಿಯಾಗಿ ಮೂಡುತ್ತದೆ. ಸುತ್ತಲಿನ ಕಲ್ಲು ತೆಗೆದು ಅಕ್ಷರವನ್ನು ಉಬ್ಬಾಗಿ ಉಳಿಸಿದರೆ ಹೆಸರು ಕೆಂಪು.

“ಬಿಳಿ ಬೇಗ ಆಗ್ತದೆ ಟೀಚರೇ. ಕೆಂಪಿಗೆ ತಾಳ್ಮೆ ಬೇಕು, ಬೇಡದ್ದನ್ನೆಲ್ಲ ತೆಗೀಬೇಕಲ್ಲ,” ಎಂದಿದ್ದರು ನನಗೆ.

ನಾನು ಶಾಲೆಯಲ್ಲಿ ಚಿತ್ರ ಕಲಿಸುವವಳು. ಮಂಗಳೂರಿನಲ್ಲಿ ನನ್ನ ಚಿತ್ರಗಳ ಪ್ರದರ್ಶನ ನಿಗದಿಯಾದಾಗ, ಚಿತ್ರಗಳ ಮೂಲೆಗೆ ಒತ್ತಲು ಕೆಂಪು ಅಕ್ಷರದ ಮುದ್ರೆ ಬೇಕೆಂದೆ. ಎರಡು ವಾರ ಕೂತು ಕೆತ್ತಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ತಾವೇ ಸ್ಟಾಫ್ ರೂಮಿಗೆ ತಂದರು. ‘ಲೀನಾ’ ಎಂಬ ನನ್ನ ಹೆಸರು, ಸುತ್ತ ಚೌಕದ ಅಂಚು. ಒತ್ತಿ ನೋಡಿದರೆ ಅಂಚು ಮೂರು ಕಡೆ ಮುರಿದಿತ್ತು.

“ಇದೆಂತ ಇಬ್ರಾಯಿಚ್ಚ, ಒಡೆದ ಕಲ್ಲು ಕೊಟ್ಟದ್ದಾ?”

“ಅಲ್ಲ ಟೀಚರೇ. ಕೆತ್ತಿ ಆದ ಮೇಲೆ ಚಾಕುವಿನ ಹಿಡಿಯಲ್ಲಿ ನಾನೇ ಕುಟ್ಟಿದ್ದು. ಹಾಗೆ ಕ್ರಮ ಉಂಟು. ನಾಲ್ಕೂ ಕಡೆ ಗೋಡೆ ಕಟ್ಟಿದ್ರೆ ಅಕ್ಷರಕ್ಕೆ ಸೆಕೆ ಆಗ್ತದೆ.”

ಅಲ್ಲಿದ್ದ ಟೀಚರುಗಳೆಲ್ಲ ನಕ್ಕರು. ಅವರೆದುರು ನನಗೂ ಜಾಣತನ ತೋರಿಸುವ ಚಪಲ. “ಕೈ ತಪ್ಪಿದ್ದಕ್ಕೆ ಒಳ್ಳೆ ಕಥೆ ಕಟ್ಟಿದ್ರಿ. ಚಿತ್ರದ ಟೀಚರಿಗೇ ಕಲಿಸ್ಲಿಕ್ಕೆ ಬರಬೇಡಿ,” ಎಂದೆ.

ಅವರ ಮುಖ ಸಣ್ಣದಾಯಿತು. “ಸರಿ ಮಾಡಿ ಕೊಡ್ತೇನೆ,” ಎಂದು ಕಲ್ಲನ್ನು ಜೇಬಿಗೆ ಹಾಕಿಕೊಂಡು ಹೋದರು. ಕಲ್ಲಿನ ಇಡೀ ಮುಖವನ್ನು ಉಜ್ಜಿ ಅಳಿಸಿ, ಮತ್ತೆ ಮೊದಲಿನಿಂದ ಕೆತ್ತಿ ಕಳಿಸಿದರು. ಈ ಸಲ ಅಂಚು ಸ್ಕೇಲಿಟ್ಟು ಎಳೆದ ಹಾಗಿತ್ತು.

ಪ್ರದರ್ಶನಕ್ಕೆ ಬಂದ ಹಿರಿಯ ಕಲಾವಿದರೊಬ್ಬರು ಚಿತ್ರಗಳಿಗಿಂತ ಹೆಚ್ಚು ಹೊತ್ತು ಮುದ್ರೆಯನ್ನು ನೋಡಿದರು. “ಪಳಗಿದ ಕೈ. ಆದರೆ ಚೀನಾದ ಮುದ್ರೆಗಳಲ್ಲಿ ಅಂಚನ್ನು ಬೇಕೆಂದೇ ಅಲ್ಲಲ್ಲಿ ಮುರಿಯುತ್ತಾರೆ. ಕೆತ್ತಿದವರಿಗೆ ಅದು ಗೊತ್ತಿಲ್ಲವಾ?”

“ಇಲ್ಲ ಸರ್. ಊರಿನ ಸೀಲಿನ ಅಂಗಡಿಯವರು,” ಎಂದೆ. ಎಷ್ಟು ಸಲೀಸಾಗಿ ಬಾಯಿಗೆ ಬಂತು ಆ ಮಾತು. ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ತಪ್ಪೊಪ್ಪಿಕೊಳ್ಳಲೆಂದೇ ಮರುವಾರ ಕುಂಬಳೆಗೆ ಹೋದೆ. ಕಲ್ಲುಗಳಿದ್ದ ಮೇಜಿನ ಮೇಲೆ ಕಂಪ್ಯೂಟರ್ ಕೂತಿತ್ತು. ಇಬ್ರಾಯಿಚ್ಚ ಎದ್ದು ಸ್ಟೂಲು ಕೊಟ್ಟರು.

“ಕಲ್ಲು ಬಿಟ್ಟೆ ಟೀಚರೇ. ಮಂಗಳೂರಲ್ಲಿ ಮುದ್ರೆ ನೋಡಿ ಎಂತ ಹೇಳಿದ್ರು?”

ಮೇಜಿನ ಮೇಲಿನ ಕಂಪ್ಯೂಟರನ್ನು ನೋಡುತ್ತ ಹೇಳಿದೆ, “ಚೆಂದ ಉಂಟು ಅಂದ್ರು.”

“ಹಾಗಾದ್ರೆ ನೀವು ಹೇಳಿದ್ದೇ ಸರಿ,” ಎಂದರು. ದನಿಯಲ್ಲಿ ಕೊಂಕಿರಲಿಲ್ಲ. “ಇಷ್ಟು ವರ್ಷ ಎಲ್ಲರ ಅಂಚು ನಾನೇ ಹಾಳು ಮಾಡಿದ್ದು.”

ಅಲ್ಲ ಎನ್ನಲು ಒಂದು ಮಾತು ಸಾಕಿತ್ತು. ಬೇಡದ ಇಂಕ್ ಪ್ಯಾಡೊಂದನ್ನು ಕೊಂಡು ಬಸ್ ಹತ್ತಿದೆ. ಆ ವರ್ಷದ ರಂಜಾನಿಗೆ ಮೊದಲೇ ಇಬ್ರಾಯಿಚ್ಚ ತೀರಿಕೊಂಡರು, ತಪ್ಪು ತಮ್ಮದೇ ಎಂದುಕೊಂಡು.