ಅಣ್ಣ ಅರ್ಧಕ್ಕೆ ಬಿಟ್ಟ ಸೀಲು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅರ್ಧ ಎತ್ತಿದ ಶಟರಿನ ಕೆಳಗಿಂದ ಗ್ಯಾರೇಜಿಗೆ ಮಂಜು ನುಸುಳಿ, ಹಳೆಯ ಕಪ್ಪು ಕಾರಿನ ಚಕ್ರಗಳನ್ನು ಸುತ್ತಿಕೊಂಡಿದೆ. ಕಾರಿನ ಅಡಿಯಿಂದ ಎರಡು ಪಾದಗಳಷ್ಟೇ ಹೊರಗೆ ಕಾಣುತ್ತವೆ. ಪಕ್ಕದಲ್ಲಿ ಅತ್ತಿಗೆ ಟಾರ್ಚ್ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದಾರೆ.

“ಬೇಡ ಕಣೇ, ವಾಪಸ್ ಕಳಿಸಿಬಿಡೋಣ. ಇದೇ ಗಾಡಿ ಅಲ್ವಾ?”

“ಇದೇ. ಬೆಳಕು ಸ್ವಲ್ಪ ಎಡಕ್ಕೆ ಹಿಡೀರಿ ಅತ್ತಿಗೆ.”

ಕಾರಿನಡಿ ಮಲಗಿರುವವರಿಗೆ ನಲವತ್ತೊಂಬತ್ತು ವರ್ಷ. ಬೀದಿಯವರ ಬಾಯಲ್ಲಿ ಅವರು ‘ಸೀಲಕ್ಕ’. ಎಂಜಿನ್ನಿನ ಎಣ್ಣೆ ಸೋರದಂತೆ ಶಾಫ್ಟಿನ ಸುತ್ತ ಬಳೆಯಂತೆ ಕೂರುವುದು ಆಯಿಲ್ ಸೀಲು. ಅದು ಕಚ್ಚಿಕೊಂಡು ಕೂತರೆ ದೊಡ್ಡ ಗ್ಯಾರೇಜಿನವರೂ ಕೈಚೆಲ್ಲಿ ಇವರ ಬಳಿ ಕಳಿಸುತ್ತಾರೆ. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು. ಒಂದಕ್ಕೇ ನಾಲ್ಕು ಗಂಟೆ ಹಿಡಿದದ್ದೂ ಉಂಟು. ಗಾಡಿಯ ಮಾಲೀಕರಿಗೆ ಇಂಥವರೊಬ್ಬರು ಇದ್ದಾರೆಂದೇ ಗೊತ್ತಿರುವುದಿಲ್ಲ.

“ಒಳಗಡೆ ಕೂರೋ ವಸ್ತು ರಿಪೇರಿ ಮಾಡೋರು ಒಳಗೇ ಇರ್ತಾರೆ ಬಿಡಿ,” ಎಂದು ಸೀಲಕ್ಕ ನಗುತ್ತಾರೆ.

ಹನ್ನೊಂದು ವರ್ಷದ ಹಿಂದೆ ಅವರು ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಗ್ಯಾರೇಜು ಅಣ್ಣನದು. ಒಂದು ಬೆಳಿಗ್ಗೆ ಜಾಕ್ ಜಾರಿ, ಇದೇ ಕಪ್ಪು ಕಾರು ಅಣ್ಣನ ಎದೆಯ ಮೇಲೆ ಕೂತುಬಿಟ್ಟಿತು; ಅಣ್ಣ ಉಳಿಯಲಿಲ್ಲ, ಗ್ಯಾರೇಜು ತಂಗಿಯ ಕೈಗೆ ಬಂತು. ಮಾಲೀಕರು ಕಾರನ್ನು ಎಳೆಸಿಕೊಂಡು ಹೋಗಿ ಶೆಡ್ಡಿನಲ್ಲಿ ಮುಚ್ಚಿಟ್ಟರು. ಅಂದಿನಿಂದ ಅದು ಓಡಿಲ್ಲ. ಈಗ ಆ ಮನೆಯ ಮೊಮ್ಮಗಳಿಗೆ ಅಜ್ಜನ ಕಾರು ಓಡಿಸುವ ಆಸೆ. ಬೇರೆ ಯಾವ ಗ್ಯಾರೇಜೂ ಮುಟ್ಟಲಿಲ್ಲ. ಸೀಲಕ್ಕ ಮಾತ್ರ “ತಂದು ನಿಲ್ಸಮ್ಮ,” ಎಂದರು. ಹಾಗೆಂದದ್ದೇನೋ ಸರಿ, ಜಾಕನ್ನು ಮಾತ್ರ ನಂಬಿಲ್ಲ. ಕಾರಿನಡಿ ಕಬ್ಬಿಣದ ಸ್ಟ್ಯಾಂಡು ನಾಲ್ಕು, ಮರದ ದಿಮ್ಮಿ ಎರಡು ಕೊಟ್ಟಿದ್ದಾರೆ.

ಬೆಲ್ಟ್ ಸುತ್ತುವ ಪುಲ್ಲಿ ಅಂದೇ ಬಿಚ್ಚಿದ್ದು, ಸೀಲಿನ ಮುಖ ಎದುರಿಗೇ ಇದೆ. ಎಡಗಡೆ ಒಂದು ರಂಧ್ರ, ಅದರಲ್ಲಿ ತುಕ್ಕು ಹಿಡಿದ ಸ್ಕ್ರೂ. ಅಣ್ಣ ಆ ಬೆಳಿಗ್ಗೆ ಹಾಕಿದ್ದು. ಸೀಲಕ್ಕ ಬಲಗಡೆ ಇನ್ನೊಂದು ರಂಧ್ರ ಕೊರೆದು ತಮ್ಮ ಸ್ಕ್ರೂ ತಿರುಗಿಸಿ, ಇಕ್ಕಳ ಹಾಕಿ ಎಳೆಯುತ್ತಾರೆ. ಜಪ್ಪಯ್ಯ ಅಂದರೂ ಅದು ಅಲುಗುವುದಿಲ್ಲ. ಜೋರು ಮಾಡಿ ಶಾಫ್ಟಿಗೆ ಗೀರು ಬಿದ್ದರೆ ಎಣ್ಣೆ ಜನ್ಮಪೂರ್ತಿ ಸೋರುತ್ತದೆ.

ಉಳಿದದ್ದು ಅಣ್ಣನ ಸ್ಕ್ರೂ. ಅದಕ್ಕೆ ಇಕ್ಕಳ ತಾಕಿಸುತ್ತಾರಷ್ಟೆ. ಒಳಗಿನಿಂದ ಯಾರೋ ಮೆಲ್ಲಗೆ ತಳ್ಳಿದಂತೆ ಸೀಲು ಜಾರಿ ಬರುತ್ತದೆ. ಹಿಂದೆಯೇ ಉಸಿರು ಬಿಟ್ಟಂಥ ಸದ್ದು. ಮಣಿಕಟ್ಟಿನ ಮೇಲೆ ನಾಲ್ಕು ಹನಿ ಎಣ್ಣೆ.

ಸೀಲಕ್ಕ ಹೊರಗೆ ಜಾರಿ ಬಂದು ಕೈ ಚಾಚುತ್ತಾರೆ. ಅತ್ತಿಗೆ ಮುಟ್ಟಿ ನೋಡುತ್ತಾರೆ.

“ಇದೇನೇ, ಬೆಚ್ಚಗಿದೆಯಲ್ಲ!”

“ಹೂಂ.”

“ಹನ್ನೊಂದು ವರ್ಷ ಸ್ಟಾರ್ಟೇ ಆಗದ ಗಾಡಿ ಕಣೇ...”

“ಗೊತ್ತು ಅತ್ತಿಗೆ.”

ಕಾರಿನೊಳಗೆಲ್ಲೋ ಲೋಹ ಟಿಕ್ ಟಿಕ್ ಎನ್ನುತ್ತಿದೆ, ದೂರ ಓಡಿ ಬಂದ ಎಂಜಿನ್ ತಣಿಯುವಾಗ ಅನ್ನುವ ಹಾಗೆ. ಎಣ್ಣೆ ಒರೆಸಲು ಅತ್ತಿಗೆ ಬಿಡುವುದಿಲ್ಲ. ಅದು ತಣ್ಣಗಾಗುವ ತನಕ ನಾದಿನಿಯ ಮಣಿಕಟ್ಟು ಹಿಡಿದೇ ಕೂರುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಹೊಸ ಸೀಲು ಕೂತು, ಹೊಸ ಬ್ಯಾಟರಿಗೆ ಎಂಜಿನ್ ಕೆಮ್ಮಿ ಹತ್ತಿಕೊಳ್ಳುತ್ತದೆ. ನಿಂತಲ್ಲೇ ಒಂದು ಗಂಟೆ ಓಡಿಸಿ, ಅಡಿಯಲ್ಲಿ ಹಾಸಿದ್ದ ಹಳೆಯ ಪೇಪರನ್ನು ಎತ್ತಿ, ಕಾರು ಒಯ್ಯಲು ಬಂದ ಮೊಮ್ಮಗಳಿಗೆ ಸೀಲಕ್ಕ ತೋರಿಸುತ್ತಾರೆ. ಒಂದು ಕಲೆಯೂ ಇಲ್ಲ.

“ಹೆದರಿಕೆ ಆಗ್ಲಿಲ್ವಾ ಆಂಟಿ?”

“ಆಯ್ತಮ್ಮ, ಸುಳ್ಳು ಯಾಕೆ ಹೇಳ್ಲಿ. ಮುಂದೆ ಗಾಡಿ ಎತ್ತೋ ಒಂದು ಲಿಫ್ಟ್ ಹಾಕ್ಸಬೇಕು. ಈ ಗ್ಯಾರೇಜಲ್ಲಿ ಇನ್ಯಾರೂ ಗಾಡಿ ಅಡಿ ಮಲಗೋದು ಬೇಡ.” ಕೈ ಒರೆಸಿಕೊಳ್ಳುತ್ತಾ ಹೇಳುತ್ತಾರೆ: “ಹಳೇ ಸೀಲು ತೆಗೆದಿದ್ದು ಅಣ್ಣಾನೇ ಅಂತಾರೆ ಅತ್ತಿಗೆ. ಇರಬಹುದು. ಹೊಸದು ಕೂರಿಸಿದ್ದು ಮಾತ್ರ ನಾನು.”