ಸುಣ್ಣದ ಬೊಟ್ಟು

ಕಣಕಟ್ಟೆ ಕಡೆಯ ಸಣ್ಣಯ್ಯನವರನ್ನು ಬದುಕಿದ್ದಾಗ ನಾನು ಮಾತನಾಡಿಸಿದ್ದು ಒಂದೇ ಸಲ. ಮಿಕ್ಕದ್ದನ್ನೆಲ್ಲ ಅವರ ಊರಿನವರು ಆಮೇಲೆ ಹೇಳಿದರು. ಕೇಳುತ್ತಾ ಕೂತಾಗ ತಲೆ ಎತ್ತಲಾಗಲಿಲ್ಲ.

ನಲವತ್ತು ವರ್ಷ ಅವರು ಮೇಕೆ ಮೇಯಿಸಿದ್ದು ಒಂದೇ ಗುಡ್ಡದಲ್ಲಿ, ಪಾಳು ಕೋಟೆಯ ಸುತ್ತ. ಎಲೆಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿ ಸದಾ ಇರುತ್ತಿತ್ತು. ಕರಡಿ ಎಲ್ಲಿ ಬೀಡುಬಿಟ್ಟಿದೆಯೋ ಆ ಕಡೆಯ ಬಂಡೆಗಳಿಗೆ ಸುಣ್ಣದ ಬೊಟ್ಟಿಡುವುದು ಅವರು ತಾವಾಗಿಯೇ ಹಚ್ಚಿಕೊಂಡ ಕೆಲಸ. ಬೊಟ್ಟು ಕಂಡರೆ ಸಾಕು, ಸುತ್ತಲಿನ ದನಗಾಹಿಗಳು ಹಿಂದಿರುಗುತ್ತಿದ್ದರು. ಅದಕ್ಕಾಗಿ ಯಾರೂ ಅವರಿಗೆ ಶಭಾಷ್ ಎಂದದ್ದಿಲ್ಲ.

ನಾನು ಚನ್ನೇಶ, ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರದವನು. ಭಾನುವಾರ ಬಂತೆಂದರೆ ಕೋಟೆ ಹತ್ತಿ ವಿಡಿಯೋ ಹಾಕುವ ಚಟ. ಹೋದ ಬೇಸಿಗೆಯಲ್ಲಿ ಆ ಗುಡ್ಡದಲ್ಲಿ ದಾರಿ ತಪ್ಪಿದಾಗ ಬೊಟ್ಟುಗಳ ಜಾಡು ಹಿಡಿದೇ ಮೇಲಿನ ಬುರುಜು ಮುಟ್ಟಿದ್ದೆ. ಕರಡಿ ಆಗ ಅಲ್ಲಿರಲಿಲ್ಲವೆಂದು ಕಾಣುತ್ತದೆ. “ಬಿಳಿ ಬೊಟ್ಟು ಹಿಡ್ಕೊಂಡು ಹೋಗಿ, ದಾರಿ ತಪ್ಪೋದೇ ಇಲ್ಲ” ಎಂದು ಫೋನಿನ ಮುಂದೆ ಎದೆಯುಬ್ಬಿಸಿ ಹೇಳಿದ್ದೆ. ಸಾವಿರಾರು ಜನ ನೋಡಿದರು, ನಾನು ಬೀಗಿದೆ.

ಸಂಕ್ರಾಂತಿ ಕಳೆದ ಭಾನುವಾರ ಮತ್ತೆ ಹೋದೆ. ಕೋಟೆಯ ಎರಡನೇ ಬಾಗಿಲಲ್ಲಿ ಮೇಕೆಗಳು ಮೇಯದೆ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಗಾಳಿಯೂ ಇರಲಿಲ್ಲ. ಸಣ್ಣಯ್ಯ ಅಡ್ಡ ಬಂದರು.

“ಮ್ಯಾಕ್ಕೆ ಹೋಗ್ಬ್ಯಾಡಿ ಸ್ವಾಮಿ. ಬುರುಜಿನ ಕೆಳ್ಗೆ ಕರಡಿ ಮರಿ ಹಾಕೈತೆ. ಆಗ್ಲೇ ಇಬ್ರು ಹೋಗವ್ರೆ. ಎಷ್ಟ್ ಕೂಗುದ್ರೂ ನಿಲ್ಲಲಿಲ್ಲ. ಬೊಟ್ಟು ಇಕ್ಕಿದ್ರೆ ಅದ್ನೇ ಹುಡುಕ್ಕಂಡು ಹೋಯ್ತಾವ್ರಲ್ಲ! ಫೋನ್ನಾಗೆ ಯಾರೋ ಹಂಗೇ ಹೇಳವ್ರಂತೆ.”

“ಬೊಟ್ಟು ಅಂದ್ರೆ?” ಎಂದೆ.

“ಹೋಗ್ಬ್ಯಾಡ ಅಂತ. ಇನ್ನೇನು?”

ಕೈಯಲ್ಲಿದ್ದ ಫೋನನ್ನು ಜೇಬಿಗೆ ತುರುಕಿದೆ. ಹೇಳಿದವನು ನಾನೇ ಎಂಬುದನ್ನು ಮುಚ್ಚಿಟ್ಟೆ.

“ಮೇಕೆ ನೋಡ್ಕಳಿ, ಕರ್ಕಂಬತ್ತೀನಿ” ಎಂದು ಅವರು ದೊಣ್ಣೆ ಹಿಡಿದು ಹತ್ತತೊಡಗಿದರು. ನಾನೂ ಬರುತ್ತೇನೆ ಎನ್ನಬಹುದಿತ್ತು. ಎನ್ನಲಿಲ್ಲ. ಹೆದರಿದ್ದೆ, ಅಷ್ಟೆ.

ಸ್ವಲ್ಪ ಹೊತ್ತಿಗೆ ಮೇಲೆ ‘ಹೋ... ಹೋ...’ ಎಂಬ ಅವರ ಕೂಗು ಶುರುವಾಯಿತು. ಬಿಡುವೇ ಇಲ್ಲದ ಕೂಗು. ನಡುವೆ ಇನ್ನೊಂದು ಗುರುಗುಟ್ಟುವ ಸದ್ದು. ಮೇಕೆಗಳು ನನ್ನ ಕಾಲಿಗೆ ಬಂದು ಒತ್ತಿಕೊಂಡವು. ಹೋಗಿದ್ದ ಇಬ್ಬರು, ಒಬ್ಬ ಹುಡುಗಿ ಮತ್ತು ಅವಳ ಅಣ್ಣ, ಎದ್ದು ಬಿದ್ದು ಇಳಿದು ಬಂದರು. ಹುಡುಗಿಯ ಮೊಣಕೈ ತರಚಿ ರಕ್ತ ಸುರಿಯುತ್ತಿತ್ತು.

“ಅಜ್ಜ ನಮ್ಮನ್ನ ಹಿಂದಕ್ಕೆ ತಳ್ಳಿ ತಾವೇ ಅಡ್ಡ ನಿಂತ್ರು...” ಎನ್ನುತ್ತಿದ್ದವಳು ನನ್ನ ಮುಖ ನೋಡಿ ಗುರುತು ಹಿಡಿದಳು.

“ಸರ್, ಬೊಟ್ಟು ಹಿಡ್ಕೊಂಡು ಹೋಗಿ ಅಂದವ್ರು ನೀವೇ ಅಲ್ವಾ?”

ಅಷ್ಟರಲ್ಲಿ ಮೇಲೆ ಸಣ್ಣಯ್ಯನವರ ಕೂಗು ನಿಂತಿತು.