ಆರನೆಯವನ ತಪ್ಪು, ಏಳನೆಯವನ ಹೆಸರಿಗೆ

2001ರಲ್ಲಿ ನಾನು ಸವದತ್ತಿ ತಾಲ್ಲೂಕಿನ ಮುನವಳ್ಳಿಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಊರಿನವರ ಬಾಯಲ್ಲಿ ಪಿ.ಟಿ. ಮಾಸ್ತರ. ಇದರ ಜೊತೆಗೆ ನನಗೆ ಇನ್ನೊಂದು ಕೆಲಸವಿತ್ತು. ವರ್ಷಕ್ಕೆ ಎರಡು ಮೂರು ಸಲ ರಜೆ ಹಾಕಿ ದೂರದ ಊರುಗಳಿಗೆ ಹೋಗಿ ವಾಟರ್ ಪೋಲೊ ಪಂದ್ಯಗಳಲ್ಲಿ ಟೇಬಲ್ ಅಧಿಕಾರಿಯಾಗಿ ಕೂರುತ್ತಿದ್ದೆ. ಇದನ್ನು ಒಮ್ಮೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹೇಳಿದಾಗ ಒಬ್ಬರು ಬಹಳ ಗಂಭೀರವಾಗಿ, “ಅಲ್ಲರೀ, ಕುದುರಿ ನೀರಾಗ ಹೆಂಗ ಓಡತಾವ?” ಎಂದು ಕೇಳಿದ್ದರು.

ಹೆಸರಿನಲ್ಲಿ ಪೋಲೊ ಇದ್ದರೂ ಈ ಆಟದಲ್ಲಿ ಕುದುರೆ ಇಲ್ಲ. ಒಂದು ತಂಡದಿಂದ ಏಳು ಜನ ಆಳವಾದ ಕೊಳಕ್ಕೆ ಇಳಿಯುತ್ತಾರೆ. ತಳಕ್ಕೆ ಕಾಲು ತಾಗಿಸದೆ, ಗೋಲ್‌ಕೀಪರ್ ಬಿಟ್ಟು ಉಳಿದವರು ಒಂದೇ ಕೈಯಲ್ಲಿ ಚೆಂಡು ಹಿಡಿದು ಎದುರಾಳಿಯ ಗೋಲಿಗೆ ಎಸೆಯಬೇಕು. ಆಗಿನ ನಿಯಮದಂತೆ ಏಳೇಳು ನಿಮಿಷದ ನಾಲ್ಕು ಅವಧಿ. ಎದುರಾಳಿಯನ್ನು ಹಿಡಿದು ಮುಳುಗಿಸುವಂಥ ದೊಡ್ಡ ತಪ್ಪು ಮಾಡಿದರೆ ಇಪ್ಪತ್ತು ಸೆಕೆಂಡು ಆಟದಿಂದ ಹೊರಗೆ. ಗೋಲಿನ ಮುಂದೆಯೇ ಮಾಡಿದರೆ ಎದುರು ತಂಡಕ್ಕೆ ಪೆನಾಲ್ಟಿ. ಎರಡನ್ನೂ ಆಟಗಾರನ ಹೆಸರಿಗೆ ಬರೆಯಲಾಗುತ್ತದೆ. ಅಂಥ ತಪ್ಪು ಮೂರಾದರೆ ಆತ ಆ ಪಂದ್ಯಕ್ಕೆ ಮತ್ತೆ ಇಳಿಯುವಂತಿಲ್ಲ. ರೆಫರಿ ತಪ್ಪು ಮಾಡಿದವನ ಟೋಪಿಯ ನಂಬರನ್ನು ಬೆರಳುಗಳಲ್ಲಿ ತೋರಿಸುತ್ತಾರೆ, ಟೇಬಲ್‌ನಲ್ಲಿ ಕುಳಿತ ನಾವು ಬರೆದುಕೊಂಡು, ಮೂರನೆಯದಕ್ಕೆ ಕೆಂಪು ಬಾವುಟ ಎತ್ತುತ್ತೇವೆ. ನನ್ನ ಕೆಲಸ ಅಷ್ಟೇ. ನೋಡುವುದು, ಬರೆಯುವುದು, ಬಾವುಟ ಎತ್ತುವುದು.

ಮುನವಳ್ಳಿಯಲ್ಲಿ ಈಜುಕೊಳ ಇರಲಿಲ್ಲ. ಮಲಪ್ರಭೆಯ ಹಿನ್ನೀರು ಹತ್ತಿರದಲ್ಲೇ ಇತ್ತು, ಆದರೆ ಶಾಲೆಯ ಮಕ್ಕಳನ್ನು ಅಲ್ಲಿಗೆ ಇಳಿಸಲು ನನಗೆ ಧೈರ್ಯವಿರಲಿಲ್ಲ. ಇದಕ್ಕೂ ಹತ್ತು ವರ್ಷ ಹಿಂದೆ, 1991ರಲ್ಲಿ, ಊರಿನ ರೈತ ಶಿವಬಸಪ್ಪನವರ ಹೊಲಕ್ಕೆ ಹೋಗಿ, ಅವರ ಬಾವಿ ಕೇಳಿದೆ. ಅಂಗಳದಷ್ಟು ಅಗಲದ, ಕಲ್ಲಿನ ಮೆಟ್ಟಿಲಿನ ಬಾವಿ ಅದು.

“ಬಾವ್ಯಾಗ ಚೆಂಡಾಟ ಆಡಸ್ತೀರಿ?” ಎಂದು ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ, “ಆಡಸ್ರಿ. ಹುಡುಗರು ಸೋಪ್ ಹಚ್ಚಿ ಜಳಕಾ ಮಾಡಬಾರದು, ಅಷ್ಟ” ಎಂದರು.

ಎರಡು ಕಡೆಯ ಗೋಡೆಗೆ ಬಿದಿರಿನ ಗಳ ಕಟ್ಟಿ ಗೋಲು ಮಾಡಿದೆವು. ವಾಟರ್ ಪೋಲೊ ಚೆಂಡು ಬೆಳಗಾವಿಯಲ್ಲೂ ಸಿಗಲಿಲ್ಲ, ಹಳೆಯ ಫುಟ್‌ಬಾಲಿನಲ್ಲೇ ಶುರು ಮಾಡಿದೆವು. ಬೇಸಿಗೆಯಲ್ಲಿ ಕರೆಂಟು ಬಂದು ಮೋಟಾರು ಶುರುವಾದರೆ ನಮ್ಮ ಮೈದಾನ ನಿಧಾನವಾಗಿ ಕೆಳಗಿಳಿಯುತ್ತಿತ್ತು. ಆಟ ಶುರುವಾದಾಗ ಹತ್ತನೆಯ ಮೆಟ್ಟಿಲಲ್ಲಿದ್ದ ನೀರು ಮುಗಿಯುವಾಗ ಹದಿಮೂರಕ್ಕೆ ಹೋಗಿರುತ್ತಿತ್ತು, ನಾನು ಸೀಟಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತ ಆಟ ಆಡಿಸುತ್ತಿದ್ದೆ. ಹುಡುಗರ ಕೂಗು ಕಲ್ಲಿಗೆ ಬಡಿದು ಎರಡು ಪಟ್ಟಾಗಿ ಮೇಲೆ ಬರುತ್ತಿತ್ತು. ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಅಷ್ಟು ಸುಖದ ಸಂಜೆಗಳನ್ನು ಮತ್ತೆ ಕಾಣಲಿಲ್ಲ.

ಆ ಹುಡುಗರಲ್ಲಿ ಒಬ್ಬ ಮೆಹಬೂಬ. ಯರಗಟ್ಟಿಯವನು. ತಂದೆ ಇಮಾಮಸಾಬ ಯರಗಟ್ಟಿ–ಮುನವಳ್ಳಿ ನಡುವೆ ಬಾಡಿಗೆ ಟ್ರ್ಯಾಕ್ಸ್ ಜೀಪು ಓಡಿಸುತ್ತಿದ್ದರು, ಮಗನನ್ನು ದಿನಾ ಅದರಲ್ಲೇ ಶಾಲೆಗೆ ಬಿಡುತ್ತಿದ್ದರು. ಮೆಹಬೂಬ ನೀರಿನಲ್ಲಿ ನಿಂತರೆ ನೆಲದ ಮೇಲೆ ನಿಂತಂತೆ ಕಾಣುತ್ತಿತ್ತು; ಎದೆಯವರೆಗೆ ಮೇಲೆದ್ದು ಚೆಂಡು ಎಸೆಯುತ್ತಿದ್ದ. ಪಿಯುಸಿ ಮುಗಿಸಿ ಸೈನ್ಯಕ್ಕೆ ಸೇರಿದ. ಅಲ್ಲಿ ನಿಜವಾದ ಕೊಳ, ನಿಜವಾದ ಕೋಚ್ ಸಿಕ್ಕರು. 2001ರಲ್ಲಿ ನಾಲ್ಕು ದೇಶಗಳ ಪುರುಷರ ಪಂದ್ಯಾವಳಿಗೆ ಭಾರತ ತಂಡ ಆರಿಸಿದಾಗ ಅವನ ಹೆಸರಿತ್ತು. ಅದೇ ಪಂದ್ಯಾವಳಿಗೆ ಟೇಬಲ್ ಅಧಿಕಾರಿಯಾಗಿ ನನಗೂ ಪತ್ರ ಬಂದಿತ್ತು.

ಪಂದ್ಯ ನಡೆದ ಊರಿನ ಹೆಸರು ಇಲ್ಲಿ ಬೇಡ. ಅಂದು ಅಲ್ಲಿದ್ದವರು ಬಹಳ ಜನ ಇನ್ನೂ ಇದ್ದಾರೆ. ಮೊದಲ ದಿನ ಕೊಳದ ಅಂಚಿನಲ್ಲಿ ಮೆಹಬೂಬ ನನ್ನ ಕಾಲು ಮುಟ್ಟಿ, “ಸರ, ಇಲ್ಲಿ ಮೋಟಾರ್ ಚಾಲೂ ಮಾಡಾಂಗಿಲ್ಲ” ಎಂದು ನಕ್ಕ. ಆ ನಗುವನ್ನು ವ್ಯವಸ್ಥಾಪಕರಲ್ಲಿ ಒಬ್ಬರು ನೋಡಿದ್ದರು. ಮರುದಿನ ಸೆಮಿಫೈನಲ್‌ಗೆ ಮುಂಚೆ ಅವರು ನನ್ನ ಬಳಿ ಬಂದು, ಏಳನೆಯ ನಂಬರಿನವನು ನಿಮ್ಮ ಶಿಷ್ಯನಂತೆ, ವಿದೇಶದವರು ನೋಡುತ್ತಿರುತ್ತಾರೆ, ಜೋಪಾನ ಎಂದರು. ತಮಾಷೆಯಾಗಿಯೇ ಹೇಳಿದ್ದರು. ಆದರೆ ಆ ಮಾತು ನನ್ನೊಳಗೆ ಮುಳ್ಳಿನಂತೆ ಕುಳಿತಿತು.

ಎರಡನೆಯ ಅವಧಿಯಲ್ಲಿ ಎದುರು ತಂಡದ ಒಬ್ಬ ಆಟಗಾರ ಚೆಂಡು ಹಿಡಿದು ನಮ್ಮ ಗೋಲಿನ ಮುಂದೆ ಬಂದ. ಭಾರತದ ಆರು ಮತ್ತು ಏಳನೆಯ ನಂಬರಿನವರಿಬ್ಬರೂ ಅವನ ಮೇಲೆ ಬಿದ್ದರು. ನೀರು ಚಿಮ್ಮಿತು, ಸೀಟಿ ಆಯಿತು, ಪೆನಾಲ್ಟಿ. ರೆಫರಿ ಆಚೆ ದಡದಲ್ಲಿದ್ದರು. ಒಂದು ಕೈ ಪೂರ್ತಿ ಬಿಡಿಸಿ ಐದು ತೋರಿಸಿದರು, ಇನ್ನೊಂದು ಕೈಯಲ್ಲಿ ಒಂದು ಬೆರಳು. ಐದು ಮತ್ತು ಒಂದು, ಆರು. ಏಳಾಗಿದ್ದರೆ ಆ ಕೈಯಲ್ಲಿ ಎರಡು ಬೆರಳಿರಬೇಕಿತ್ತು, ನಾನು ಕಂಡದ್ದು ಒಂದೇ.

ಪಕ್ಕದಲ್ಲಿ ಕುಳಿತಿದ್ದ ಇನ್ನೊಬ್ಬ ಟೇಬಲ್ ಅಧಿಕಾರಿಗೆ ಸರಿಯಾಗಿ ಕಂಡಿರಲಿಲ್ಲ. ಆರೋ ಏಳೋ ಎಂದು ಕೇಳಿದರು. ಆ ಒಂದು ಕ್ಷಣದಲ್ಲಿ ನನ್ನ ಮನಸ್ಸು ವಿಚಿತ್ರವಾಗಿ ಓಡಿತು. ಒಂದು ಬೆರಳು ಎಂದು ನನಗೆ ಕಂಡದ್ದು ನಿಜವಾಗಿ ಕಂಡದ್ದೋ, ಅಥವಾ ಮೆಹಬೂಬ ಉಳಿಯಲಿ ಎಂಬ ಆಸೆ ಕಾಣಿಸಿದ್ದೋ? ನನ್ನ ಕಣ್ಣಿನ ಮೇಲೆ ನನಗೇ ಅನುಮಾನ ಬಂತು. ವ್ಯವಸ್ಥಾಪಕರ ಮಾತು ನೆನಪಾಗಿ “ಏಳು” ಎಂದೆ. ಇಬ್ಬರೂ ಏಳು ಎಂದು ಬರೆದೆವು. ಸಂದೇಹವಿದ್ದರೆ ಆಟ ನಿಲ್ಲಿಸಿ ರೆಫರಿಯನ್ನು ಕೇಳಬೇಕೆಂಬುದು ನಿಯಮ. ನಾನು ಕೇಳಲಿಲ್ಲ.

ಪೆನಾಲ್ಟಿಯಲ್ಲಿ ಯಾರೂ ನೀರು ಬಿಟ್ಟು ಹೋಗಬೇಕಾಗಿಲ್ಲ. ಹಾಗಾಗಿ ಆ ತಪ್ಪು ಯಾರ ಹೆಸರಿಗೆ ಹೋಯಿತೆಂದು ನೀರಿನಲ್ಲಿದ್ದವರಿಗೆ ತಿಳಿಯಲಿಲ್ಲ.

ಕೊನೆಯ ಅವಧಿಯಲ್ಲಿ ಏಳು–ಏಳು ಸಮ. ಎರಡು ನಿಮಿಷಕ್ಕಿಂತ ಕಡಿಮೆ ಉಳಿದಿತ್ತು. ಮೆಹಬೂಬ ಒಬ್ಬನನ್ನು ತಡೆಯಲು ಹೋಗಿ ಇಪ್ಪತ್ತು ಸೆಕೆಂಡಿನ ಶಿಕ್ಷೆ ಪಡೆದ. ಮುಂಚಿನದೊಂದು, ಆ ಪೆನಾಲ್ಟಿ ಸೇರಿ, ನನ್ನ ಹಾಳೆಯಲ್ಲಿ ಅದು ಅವನ ಮೂರನೆಯದು. ನಾನು ಕೆಂಪು ಬಾವುಟ ಎತ್ತಿದೆ. ಅವನು ನೀರಿನಿಂದಲೇ ಬಾವುಟ ನೋಡಿದ, ಆಮೇಲೆ ನನ್ನನ್ನು ನೋಡಿದ. ಈಜಿ ಮೂಲೆಗೆ ಹೋಗಿ ಮೇಲೆ ಹತ್ತಿದ. ಅವನಿಲ್ಲದ ಕೊನೆಯ ನಿಮಿಷದಲ್ಲಿ ಎದುರು ತಂಡ ಗೋಲು ಹೊಡೆಯಿತು. ಎಂಟು–ಏಳು. ಫೈನಲ್ ಕೈತಪ್ಪಿತು. ಭಾರತದ ಕೋಚ್ ಟೇಬಲ್ ಬಳಿ ಬಂದು ಹಾಳೆ ಕೇಳಿದರು. ನಾನು ತೋರಿಸಿದೆ. ಅವರು ಮೆಹಬೂಬನ ಕಡೆ ತಿರುಗಿ, ನಿನ್ನ ತಪ್ಪು ಎಷ್ಟೆಂದು ನಿನಗೇ ಗೊತ್ತಿಲ್ಲವೇ ಎಂದರು.

ಅಂದು ಸಂಜೆ ಚಹಾ ಕುಡಿಯುವಾಗ ಆ ರೆಫರಿ ಯಾವುದೋ ಮಾತಿಗೆ, ಆರನೆಯವನು ಎರಡೂ ಕೈಯಲ್ಲಿ ಹಿಡಿದು ಮುಳುಗಿಸಿದ, ಪೆನಾಲ್ಟಿ ಕೊಡದೆ ದಾರಿಯಿರಲಿಲ್ಲ ಎಂದರು. ನನಗೆ ಮೊದಲು ಕಂಡದ್ದೇ ಸರಿಯಾಗಿತ್ತು. ದೂರು ಕೊಡುವ ಅವಧಿ ಮುಗಿದುಹೋಗಿತ್ತು. ಫಲಿತಾಂಶ ಬದಲಾಗುವುದಿಲ್ಲ, ಇನ್ನು ಹೇಳಿ ಏನಾಗಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಬೆಳಗಾವಿಯ ಬಸ್ಸು ಹತ್ತಿದೆ.

ಎರಡು ತಿಂಗಳು ಕಳೆದ ಮೇಲೆ ಒಂದು ದಿನ ಶಾಲೆ ಬಿಟ್ಟು ಬರುವಾಗ ಇಮಾಮಸಾಬರು ಟ್ರ್ಯಾಕ್ಸ್ ನಿಲ್ಲಿಸಿದರು. “ಮಾಸ್ತರ, ಮೆಹಬೂಬ ರಜಾದ ಮ್ಯಾಲೆ ಬಂದಾನ್ರಿ. ನೀರಿಗೆ ಇಳಿಯಾಕ ಒಲ್ಲ ಅಂತಾನ. ಮುಂದಿನ ಕ್ಯಾಂಪಿಗೆ ಅವನ ಹೆಸರ ಬಿಟ್ಟಾರಂತ. ಜರಾ ಬಂದು ನಾಕ ಮಾತ ಹೇಳ್ರಿ. ನಿಮ್ಮ ಮಾತ ಅಂದ್ರ ಅಂವಾ ತಗದ ಹಾಕಾಂಗಿಲ್ಲ.”

ಆ ಭಾನುವಾರ ಯರಗಟ್ಟಿಗೆ ಹೋದೆ. ಪೇಟೆಯ ಹಿಂದಿನ ಓಣಿಯಲ್ಲಿ ಅವರ ಮನೆ. ಮೆಹಬೂಬ ಚಾಪೆ ಹಾಸಿ, “ಬರ್ರಿ ಸರ, ಕುಂದರ್ರಿ” ಎಂದ. ದಣಿದಂತೆ ಕಾಣುತ್ತಿದ್ದ. ನಾನು ಕೇಳುವ ಮೊದಲೇ ಅವನೇ ಮಾತು ತೆಗೆದ.

“ತಪ್ಪು ನಂದ ಐತ್ರಿ ಸರ. ನನ್ನ ಲೆಕ್ಕದಾಗ ಎರಡ ಇದ್ದವು. ಆದ್ರ ಆ ಪೆನಾಲ್ಟಿ ಹೊತ್ತಿನ್ಯಾಗ ನನ್ನ ಕೈನೂ ಅವನ ಹೆಗಲ ಮ್ಯಾಲೆ ಇತ್ತು. ನೀವು ಬರದೀರಿ ಅಂದ್ರ ಅದು ನಂದ ಇರಬೇಕು. ಕೋಚ್‌ಗೂ ಹಂಗ ಹೇಳೇನಿ.”

ಇಷ್ಟು ದಿನ ಆತ ತನ್ನ ಕೈಯನ್ನು ನಂಬದೆ ನನ್ನ ಹಾಳೆಯನ್ನು ನಂಬಿದ್ದ. ಇನ್ನು ಸುಮ್ಮನಿರುವುದು ಸಾಧ್ಯವಾಗಲಿಲ್ಲ. ಬೆರಳು ಕಂಡದ್ದು, ಏಳು ಎಂದದ್ದು, ಯಾಕೆಂದದ್ದು, ಸಂಜೆ ರೆಫರಿ ಹೇಳಿದ್ದು, ಎಲ್ಲವನ್ನೂ ಬಿಡದೆ ಹೇಳಿದೆ.

ಮೆಹಬೂಬ, “ಅವತ್ತ ಸಂಜೀಕ ನಿಮಗ ಗೊತ್ತಾಗಿತ್ತು?” ಎಂದ. ಹೌದೆಂದೆ. “ಎರಡ ತಿಂಗಳು, ಸರ” ಎಂದು ಎದ್ದು ಹೊರಗೆ ಹೋದ. ಬಾಗಿಲಲ್ಲಿ ನಿಂತಿದ್ದ ಇಮಾಮಸಾಬರು ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಇದನ್ನ ಹೇಳಬೇಕಾದವರಿಗೆ ಹೇಳ್ರಿ ಮಾಸ್ತರ. ನಮ್ಮ ಮನ್ಯಾಗ ಹೇಳಿ ಏನಾತು?” ಎಂದರು.

ಮರುದಿನವೇ ಪಂದ್ಯಾವಳಿಯ ಸಮಿತಿಗೂ ಕೋಚ್‌ಗೂ ಪತ್ರ ಬರೆದು ಸವದತ್ತಿಯಿಂದ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ಉತ್ತರ ಬರಲು ಒಂದು ತಿಂಗಳಾಯಿತು. ಒಂದು ವರ್ಷ ಯಾವ ಪಂದ್ಯಕ್ಕೂ ನನ್ನನ್ನು ಕರೆಯುವುದಿಲ್ಲ ಎಂದಿತ್ತು. ಅದು ನ್ಯಾಯವೇ ಆಗಿತ್ತು. ಅದೇ ವಾರ ಮೆಹಬೂಬನಿಗೆ ಭಾರತ ತಂಡದ ಕ್ಯಾಂಪಿಗೆ ಬರುವಂತೆ ಕರೆ ಹೋಯಿತೆಂದು ಅವನ ತಂದೆಯಿಂದ ತಿಳಿಯಿತು. ಮೆಹಬೂಬ ಮಾತ್ರ ನನಗೆ ಪತ್ರ ಬರೆಯಲಿಲ್ಲ. ಮುಂದಿನ ಎರಡು ರಜೆಗಳಲ್ಲಿ ಯರಗಟ್ಟಿಗೆ ಬಂದರೂ ಮುನವಳ್ಳಿಗೆ ಬರಲಿಲ್ಲ. ನಾನೂ ಹೋಗಲಿಲ್ಲ. ಹೋಗಿ ಏನು ಕೇಳುವುದು?

2004ರಲ್ಲಿ ಒಂದು ರಾಷ್ಟ್ರಮಟ್ಟದ ಪಂದ್ಯಕ್ಕೆ ಮತ್ತೆ ಟೇಬಲ್‌ನಲ್ಲಿ ಕುಳಿತಿದ್ದೆ. ನೀರಿನಲ್ಲಿ ಸೈನ್ಯದ ತಂಡ, ಅದರಲ್ಲಿ ಮತ್ತೆ ಏಳನೆಯ ನಂಬರಿನ ಟೋಪಿಯಲ್ಲಿ ಮೆಹಬೂಬ. ಅವನ ಹೆಸರಿಗೆ ಆಗಲೇ ಎರಡು ತಪ್ಪುಗಳಿದ್ದವು. ಮೂರನೆಯ ಅವಧಿಯಲ್ಲಿ ಗೋಲಿನ ಮುಂದೆ ಮತ್ತೆ ಮೆಹಬೂಬನೂ ಸೇರಿ ಮೂವರು ಒಟ್ಟಿಗೆ ಸಿಕ್ಕಿಕೊಂಡರು. ಪೆನಾಲ್ಟಿ. ರೆಫರಿಯ ಬೆರಳು ನನಗೆ ಸ್ಪಷ್ಟವಾಗಲಿಲ್ಲ. ಈ ಸಲ ನಾನು ಸೀಟಿ ಊದಿ ಆಟ ನಿಲ್ಲಿಸಿದೆ. ಗ್ಯಾಲರಿಯಲ್ಲಿ ಗೊಣಗಾಟ ಎದ್ದಿತು. ರೆಫರಿ ಅಸಮಾಧಾನದಿಂದಲೇ ಟೇಬಲ್‌ವರೆಗೆ ನಡೆದು ಬಂದರು. ಯಾವ ನಂಬರು ಎಂದು ಕೇಳಿದೆ. ಏಳು ಎಂದರು.

ಬಾವುಟ ಎತ್ತಿದೆ. ಮೆಹಬೂಬ ಮೇಲೆ ಬಂದು, ಟೋಪಿಯ ದಾರ ಬಿಚ್ಚುತ್ತ ನಮ್ಮ ಟೇಬಲ್ ಪಕ್ಕದಿಂದಲೇ ಹೋದ. ನಿಂತು, ಮೂರು ವರ್ಷಗಳ ನಂತರದ ಮೊದಲ ಮಾತು ಆಡಿದ. “ಈ ಸಲ ಖರೇನ ನಂದ ಐತ್ರಿ ಸರ.” ಅವನ ತುಟಿಯ ಮೇಲೆ ಸಣ್ಣ ನಗುವಿತ್ತು.

ನಿವೃತ್ತನಾಗುವವರೆಗೆ ಹೊಸ ಟೇಬಲ್ ಅಧಿಕಾರಿಗಳಿಗೆ ನಾನು ತರಬೇತಿ ಕೊಟ್ಟೆ. ತಮ್ಮವರ ಕಡೆ ವಾಲಬಾರದೆಂದು ಎಲ್ಲರೂ ಕಲಿತೇ ಬಂದಿರುತ್ತಿದ್ದರು. ಹಾಗೆ ವಾಲಿದೆನೆಂದು ಯಾರಾದರೂ ಅಂದಾರೆಂಬ ಹೆದರಿಕೆಯಿಂದ ಎದುರು ದಿಕ್ಕಿಗೆ ವಾಲುವುದೂ ವಾಲುವುದೇ ಎಂಬುದನ್ನು ಮಾತ್ರ ನಾನು ಹೇಳಬೇಕಾಗುತ್ತಿತ್ತು. ಅನುಮಾನ ಬಂದರೆ ಆಟ ನಿಲ್ಲಿಸಿ ಕೇಳಿ ಎನ್ನುತ್ತಿದ್ದೆ. ಅರ್ಧ ನಿಮಿಷ ನಾಲ್ಕು ಜನರ ಮುಂದೆ ದಡ್ಡನಾಗುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಅದನ್ನು ತಪ್ಪಿಸಿಕೊಂಡ ನನಗೆ ಮೆಹಬೂಬನ ಬಾಯಿಂದ ಮತ್ತೆ ಒಂದು ಮಾತು ಕೇಳಲು ಮೂರು ವರ್ಷ ಹಿಡಿಯಿತು.